ಶುಮಾಕರ್ ಸುದ್ದಿಯನ್ನು ನಾನು ಬರೆದ ಬಗೆ

ಕ್ರೀಡಾ ಡೆಸ್ಕ್‌ನಲ್ಲಿ ಕೂತವರಿಗೆ ಗಾಯದ ಸುದ್ದಿ ಹೊಸದಲ್ಲ. ಮಂಡಿ ನೋವು, ಸ್ನಾಯು ಸೆಳೆತ, ಬೆರಳು ಮುರಿತ ಎಂದು ದಿನಕ್ಕೊಂದಾದರೂ ಬರುತ್ತದೆ. ಎಷ್ಟು ವಾರ ಆಡಲ್ಲ, ಬದಲಿಗೆ ಯಾರು ಎಂದು ಬರೆದರೆ ಮುಗಿಯಿತು. ತಲೆಗೆ ಬಿದ್ದ ಪೆಟ್ಟು ಹಾಗಲ್ಲ. ಎಷ್ಟು ವಾರ ಎಂದು ಯಾರೂ ಹೇಳಲಾರರು. ಪೆಟ್ಟು ತಿಂದವರಿಗೆ ‘ನನ್ನ ಬಗ್ಗೆ ಬರೆದದ್ದು ಸುಳ್ಳು’ ಎಂದು ಹೇಳುವುದಕ್ಕೂ ಆಗುವುದಿಲ್ಲ. ಫಾರ್ಮುಲಾ ಒನ್ ಕಾರ್ ರೇಸ್ ಚಾಲಕ ಮೈಕೆಲ್ ಶುಮಾಕರ್ ಸುದ್ದಿಯನ್ನು 2013ರಿಂದ ಕನ್ನಡ ಪತ್ರಿಕೆಯೊಂದರ ಡೆಸ್ಕ್‌ನಲ್ಲಿ ಕೂತು ಬರೆದಿದ್ದೇನೆ, ತಿದ್ದಿದ್ದೇನೆ, ಎಷ್ಟೋ ಸಲ ಹಾಕದೆ ಬಿಟ್ಟಿದ್ದೇನೆ. ಹೊಸದಾಗಿ ಡೆಸ್ಕ್‌ಗೆ ಬರುವ ಹುಡುಗ ಹುಡುಗಿಯರು ಅದನ್ನು ಹೇಗೆ ಬರೆದಿರಿ ಎಂದು ಕೇಳುತ್ತಿರುತ್ತಾರೆ. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ.

2013ರ ಡಿಸೆಂಬರ್ 29 ಭಾನುವಾರ. ಪುಟದ ತುಂಬಾ ಡರ್ಬನ್ ಟೆಸ್ಟ್ ಇತ್ತು. ಜಾಕ್ ಕಾಲಿಸ್ ತಮ್ಮ ಕೊನೆಯ ಟೆಸ್ಟ್‌ನಲ್ಲಿ ಭಾರತದ ವಿರುದ್ಧ ಶತಕ ಹೊಡೆದ ದಿನ ಅದು. ಅದರ ನಡುವೆ ಏಜೆನ್ಸಿಯಲ್ಲಿ ನಾಲ್ಕು ಸಾಲು ಬಂತು. ಫ್ರಾನ್ಸ್‌ನ ಆಲ್ಪ್ಸ್ ಬೆಟ್ಟಗಳ ಮೆರಿಬೆಲ್‌ನಲ್ಲಿ ಸ್ಕೀಯಿಂಗ್ ಮಾಡುವಾಗ ಶುಮಾಕರ್ ಬಿದ್ದಿದ್ದಾರೆ, ತಲೆ ಬಂಡೆಗೆ ಬಡಿದಿದೆ, ಹೆಲಿಕಾಪ್ಟರ್‌ನಲ್ಲಿ ಆಸ್ಪತ್ರೆಗೆ ಸಾಗಿಸಿದ್ದಾರೆ. ಪ್ರಜ್ಞೆ ಇತ್ತು, ಜೀವಕ್ಕೆ ಅಪಾಯ ಇಲ್ಲ ಎಂದು ಮೊದಲ ವರದಿಗಳು ಹೇಳುತ್ತಿದ್ದವು.

ಆ ‘ಅಪಾಯ ಇಲ್ಲ’ ಎನ್ನುವುದನ್ನು ನಾನು ಶೀರ್ಷಿಕೆಗೆ ತರಲಿಲ್ಲ. ಪ್ರಜ್ಞೆ ಇತ್ತು ಎಂದವರು ರೆಸಾರ್ಟ್‌ನ ಅಧಿಕಾರಿ. ಹಿಮದ ಮೇಲೆ ಬಿದ್ದವರು ಮಾತಾಡಿದ್ದನ್ನಷ್ಟೇ ಅವರು ಹೇಳಬಲ್ಲರು. ತಲೆಬುರುಡೆಯ ಒಳಗೆ ರಕ್ತ ಸೋರುತ್ತಿದೆಯೋ ಇಲ್ಲವೋ ಎನ್ನುವುದು ಸ್ಕ್ಯಾನ್ ಆದ ಮೇಲೆ ಗೊತ್ತಾಗುವ ಮಾತು. ‘ಶುಮಾಕರ್ ತಲೆಗೆ ಪೆಟ್ಟು, ಆಸ್ಪತ್ರೆಗೆ’ ಎಂದಷ್ಟೇ ಇಟ್ಟೆ. ಅಧಿಕಾರಿ ಹೇಳಿದ್ದನ್ನು ಅವರ ಹೆಸರಲ್ಲೇ ಒಳಗೆ ಬರೆದೆ. ಭಾನುವಾರ ರಾತ್ರಿ ಗ್ರೆನೋಬಲ್ ವಿಶ್ವವಿದ್ಯಾಲಯ ಆಸ್ಪತ್ರೆಯ ಹೇಳಿಕೆ ಬಂತು. ಬರುವಾಗಲೇ ಕೋಮಾದಲ್ಲಿದ್ದರು, ಕೂಡಲೇ ಶಸ್ತ್ರಚಿಕಿತ್ಸೆ ಆಗಿದೆ, ಸ್ಥಿತಿ ಗಂಭೀರ. ನಮ್ಮಲ್ಲಿ ಆಗ ನಡುರಾತ್ರಿ ಕಳೆದಿತ್ತು. ಜಿಲ್ಲಾ ಆವೃತ್ತಿಗಳು ಲಾರಿ ಹತ್ತಿ ಹೊರಟಿದ್ದವು. ದೂರದ ಊರುಗಳ ಓದುಗರಿಗೆ ಬೆಳಿಗ್ಗೆ ಸಿಕ್ಕಿದ್ದು ಹಳೆಯ ಸುದ್ದಿಯೇ. ಆದರೆ ಅದರಲ್ಲಿ ಸುಳ್ಳು ಇರಲಿಲ್ಲ.

ಆ ವಾರ ಬಹಳ ಜನರ ಬಾಯಲ್ಲಿ ಒಂದೇ ಥರದ ಶೀರ್ಷಿಕೆ ಓಡಾಡುತ್ತಿತ್ತು. ವೇಗದ ರಾಜನನ್ನು ವೇಗವೇ ಕೆಡವಿತು ಎನ್ನುವ ಅರ್ಥದ್ದು. ಕೇಳೋಕೆ ಚೆನ್ನಾಗಿದೆ. ಏಳು ಸಲ ವಿಶ್ವ ಚಾಂಪಿಯನ್, 91 ರೇಸ್ ಗೆದ್ದವರು, ಇನ್ನೇನು ಬೇಕು? ನಾನು ಒಪ್ಪಲಿಲ್ಲ. ಎಷ್ಟು ವೇಗದಲ್ಲಿದ್ದರು ಎಂದು ಆಗ ಯಾರಿಗೆ ಗೊತ್ತಿತ್ತು? ಜನವರಿ 8ರಂದು ತನಿಖೆ ನಡೆಸುತ್ತಿದ್ದ ಪ್ರಾಸಿಕ್ಯೂಟರ್ ಮಾಧ್ಯಮದ ಮುಂದೆ ಬಂದರು. ಶುಮಾಕರ್ ಹೆಲ್ಮೆಟ್‌ಗೆ ಸಿಕ್ಕಿಸಿದ್ದ ಕ್ಯಾಮೆರಾದ ದೃಶ್ಯವನ್ನೂ ತನಿಖಾಧಿಕಾರಿಗಳು ನೋಡಿದ್ದರು. ಗುರುತು ಮಾಡಿದ ಹಾದಿಯಿಂದ ಕೆಲವೇ ಮೀಟರ್ ಆಚೆ ಅವರು ಸ್ಕೀ ಮಾಡುತ್ತಿದ್ದರು, ಪಳಗಿದ ಸ್ಕೀಯರ್ ಅಂಥ ಇಳಿಜಾರಿನಲ್ಲಿ ಹೋಗುವ ವೇಗವೇ ಅದು ಎಂದು ತನಿಖೆ ಹೇಳಿತು. ಯಾರ ತಪ್ಪೂ ಇಲ್ಲ ಎಂದು ಫೆಬ್ರುವರಿಯಲ್ಲಿ ತನಿಖೆ ಮುಗಿಸಿದರು. ವೇಗದ ಶೀರ್ಷಿಕೆ ಮೊದಲ ದಿನ ದೊಡ್ಡದಾಗಿ ಬಂದ ಕಡೆಗಳಲ್ಲಿ ಈ ಸುದ್ದಿಗೆ ಸಿಕ್ಕಿದ್ದು ಒಂದು ಮೂಲೆ.

ಗ್ರೆನೋಬಲ್ ವೈದ್ಯರ ಮಾತುಗಳನ್ನು ಕನ್ನಡಕ್ಕೆ ತರುವಾಗ ನಾನು ನಿಮ್ಹಾನ್ಸ್‌ನಲ್ಲಿ ಕಲಿತು ಬಂದ ಪರಿಚಯದ ನರಶಸ್ತ್ರಚಿಕಿತ್ಸಕರೊಬ್ಬರಿಗೆ ಫೋನ್ ಮಾಡುತ್ತಿದ್ದೆ. ಒಂದು ಕಟ್ಟುಪಾಡು ಹಾಕಿಕೊಂಡಿದ್ದೆ. ಶುಮಾಕರ್ ಬಗ್ಗೆ ಅವರನ್ನು ಏನೂ ಕೇಳಬಾರದು. ಈ ಥರದ ಗಾಯದ ಬಗ್ಗೆ ಮಾತ್ರ ಕೇಳಬೇಕು. ಅವರೂ ಅದನ್ನೇ ಹೇಳಿದರು. ‘ಸ್ಕ್ಯಾನ್ ನೋಡದವರು ರೋಗಿ ಬಗ್ಗೆ ಮಾತಾಡಬಾರದು ಸರ್. ಬೇಕಿದ್ದರೆ ತಲೆಯೊಳಗೆ ಏನಾಗುತ್ತೆ ಅಂತ ಹೇಳ್ತೀನಿ.’

ಅವರು ಹೇಳಿದ್ದು ಇಷ್ಟು. ಕಾಲಿಗೆ ಪೆಟ್ಟಾದರೆ ಊದಿಕೊಳ್ಳುತ್ತದೆ, ಊತಕ್ಕೆ ಹೊರಗೆ ಜಾಗ ಇದೆ. ಮೆದುಳು ಗಟ್ಟಿ ಬುರುಡೆಯೊಳಗೆ ಇದೆ. ಊದಿಕೊಂಡರೆ ಜಾಗ ಇಲ್ಲ. ಒಳಗೆ ಒತ್ತಡ ಏರುತ್ತದೆ. ಒತ್ತಡ ಏರಿದಷ್ಟೂ ಮೆದುಳಿಗೆ ರಕ್ತ ಹೋಗುವುದು ಕಷ್ಟ. ರಕ್ತ ಸಿಗದ ಜಾಗಗಳು ಸಾಯುತ್ತಾ ಹೋಗುತ್ತವೆ. ಹಾಗಾಗಿ ಪೆಟ್ಟು ಬಿದ್ದ ಕ್ಷಣದಲ್ಲಿ ಆದ ಹಾನಿ ಒಂದು, ಆಮೇಲಿನ ಗಂಟೆಗಳಲ್ಲಿ ಆಗುವ ಹಾನಿ ಇನ್ನೊಂದು. ವೈದ್ಯರ ಹೋರಾಟ ಈ ಎರಡನೆಯದರ ಜೊತೆ. ಔಷಧಿ ಕೊಟ್ಟು ಕೋಮಾದಲ್ಲಿ ಇಡುವುದು, ಮೈಯ ಉಷ್ಣತೆಯನ್ನು ಸ್ವಲ್ಪ ಇಳಿಸುವುದು, ಇದೆಲ್ಲ ಮೆದುಳಿನ ಕೆಲಸ ಕಡಿಮೆ ಮಾಡಿ ಅದಕ್ಕೆ ಬೇಕಾಗುವ ಆಮ್ಲಜನಕವನ್ನು ತಗ್ಗಿಸಲು. ಗ್ರೆನೋಬಲ್‌ನಲ್ಲಿ ಶುಮಾಕರ್ ಮೈಯನ್ನು 34ರಿಂದ 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟಿದ್ದರು. ಡಿಸೆಂಬರ್ 30ರ ರಾತ್ರಿ ಎರಡನೇ ಶಸ್ತ್ರಚಿಕಿತ್ಸೆ ಮಾಡಿ ಹೆಪ್ಪುಗಟ್ಟಿದ ರಕ್ತ ತೆಗೆದರು. ಹೆಲ್ಮೆಟ್ ಇಲ್ಲದಿದ್ದರೆ ಆಸ್ಪತ್ರೆವರೆಗೆ ಬರುತ್ತಿರಲಿಲ್ಲ ಎಂದು ಅಲ್ಲಿನ ವೈದ್ಯರು ಹೇಳಿದರು. ಈ ಮಾತನ್ನು ಬಾಕ್ಸ್ ಮಾಡಿ ಹಾಕಿದೆ. ಬೈಕಿನ ಕನ್ನಡಿಗೆ ಹೆಲ್ಮೆಟ್ ನೇತುಹಾಕಿಕೊಂಡು ಓಡಿಸುವ ನಮ್ಮೂರಿನ ಓದುಗರಿಗೆ ಅದು ಬೇಕಿತ್ತು.

ಇಷ್ಟನ್ನು ಒಂದು ಸಲ ಬಿಡಿಸಿ ಬರೆದರೆ ಓದುಗರಿಗೆ ಮುಂದಿನ ಎಲ್ಲ ಹೇಳಿಕೆಗಳೂ ಅರ್ಥವಾಗುತ್ತವೆ. ವೈದ್ಯರು ಮುಂದಿನದನ್ನು ಯಾಕೆ ಹೇಳುತ್ತಿಲ್ಲ, ಯಾಕೆ ಗಂಟೆಗಂಟೆಗೂ ಕಾದು ನೋಡುತ್ತಿದ್ದಾರೆ ಎಂದು ತಾವೇ ತಿಳಿದುಕೊಳ್ಳುತ್ತಾರೆ. ಅವರೇನೋ ಮುಚ್ಚಿಡ್ತಿದ್ದಾರೆ ಅಂತ ಅನಿಸುವುದಿಲ್ಲ.

ಡಿಸೆಂಬರ್ 31ರಂದು ಶುಮಾಕರ್ ಅವರ ಮ್ಯಾನೇಜರ್ ಸಬೀನ್ ಕೆಮ್ ಹೇಳಿದ ಸಂಗತಿ ಓದಿ ನನಗೆ ನಿಜಕ್ಕೂ ನಾಚಿಕೆಯಾಯಿತು. ಪತ್ರಕರ್ತನೊಬ್ಬ ಪಾದ್ರಿಯ ವೇಷದಲ್ಲಿ ಶುಮಾಕರ್ ಇದ್ದ ಕೋಣೆಗೆ ನುಗ್ಗಲು ನೋಡಿದ್ದ. ಜನವರಿ 7ರಂದು ಹೆಂಡತಿ ಕೊರಿನಾ, ವೈದ್ಯರನ್ನು ಅವರ ಕೆಲಸ ಮಾಡಲು ಬಿಡಿ, ಆಸ್ಪತ್ರೆ ಮುಂದಿನಿಂದ ಹೊರಡಿ, ನಮ್ಮ ಕುಟುಂಬವನ್ನೂ ನೆಮ್ಮದಿಯಾಗಿರಲು ಬಿಡಿ ಎಂದು ಬೇಡಿಕೊಂಡರು. ಅವತ್ತು ಅದನ್ನೇ ಮುಖ್ಯ ಸುದ್ದಿ ಮಾಡಿದೆ. ಬೆಂಗಳೂರಿನಲ್ಲಿ ಕೂತ ನಾವು ಯಾರ ಕೋಣೆಗೂ ನುಗ್ಗಲಿಲ್ಲ, ನಿಜ. ಆದರೆ ನುಗ್ಗಿದವರು ತಂದದ್ದನ್ನು ಕೊಂಡು ಹಾಕುವ ಕೈ ನಮ್ಮದೂ ಆಗಬಹುದು. 2014ರ ಜೂನ್‌ನಲ್ಲಿ ಶುಮಾಕರ್ ಅವರ ವೈದ್ಯಕೀಯ ದಾಖಲೆಗಳನ್ನೇ ಕದ್ದು ಮಾಧ್ಯಮದವರಿಗೆ ಮಾರಲು ಹೊರಟರು. ಕೊಳ್ಳುವವರು ಇದ್ದಾರೆ ಎಂಬ ನಂಬಿಕೆ ಇಲ್ಲದೆ ಯಾರಾದರೂ ಕದಿಯುತ್ತಾರಾ?

ಡೆಸ್ಕ್‌ನಲ್ಲಿ ನಾವು ಮಾಡಿಕೊಂಡ ಕ್ರಮ ಸರಳ. ಮೂರು ಕಡೆಯಿಂದ ಬಂದದ್ದು ಮಾತ್ರ ಸುದ್ದಿ: ಆಸ್ಪತ್ರೆ, ಕುಟುಂಬದ ಪರವಾಗಿ ಸಬೀನ್ ಕೆಮ್, ತನಿಖೆ ಮಾಡುವವರು. ‘ಆಪ್ತ ಮೂಲಗಳು’, ನಿವೃತ್ತ ವೈದ್ಯರ ಅಂದಾಜು, ಹಳೆಯ ಸಹ ಚಾಲಕರ ‘ನನಗನಿಸುತ್ತೆ’ ಯಾವುದೂ ಬೇಡ. ಸುದ್ದಿ ಸಂಪಾದಕರಿಗೆ ದಿನಾ ಒಂದು ಬಾಕ್ಸ್ ಬೇಕಿತ್ತು. ‘ಓದುಗರು ಹುಡುಕ್ತಾರೆ ಕಣಯ್ಯಾ’ ಎಂದರು. ಅದೂ ಸುಳ್ಳಲ್ಲ. ಬೆಂಗಳೂರಿನಲ್ಲಿ ಫಾರ್ಮುಲಾ ಒನ್ ನೋಡುವವರು ಬಹಳ ಇದ್ದರು. 2011ರಲ್ಲಿ ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕಿಟ್‌ನಲ್ಲಿ ಮೊದಲ ಇಂಡಿಯನ್ ಗ್ರ್ಯಾನ್ ಪ್ರಿ ನಡೆದಾಗ ಶುಮಾಕರ್ ಐದನೆಯವರಾಗಿ ಮುಗಿಸಿದ್ದನ್ನು ಕಣ್ಣಾರೆ ಕಂಡು ಬಂದವರೂ ಇದ್ದರು. ಅವರಿಗೆ ಏನು ಕೊಡೋದು? ‘ಸ್ಥಿತಿಯಲ್ಲಿ ಬದಲಾವಣೆ ಇಲ್ಲ, ಆಸ್ಪತ್ರೆ ಇವತ್ತು ಹೇಳಿಕೆ ಕೊಟ್ಟಿಲ್ಲ’ ಎಂದು ಎರಡು ಸಾಲು ಕೊಟ್ಟೆ. ಸಂಪಾದಕರು ಮೊದಲು ಮುಖ ಗಂಟಿಕ್ಕಿದರು. ಆಮೇಲೆ ಅವರೇ ‘ಎರಡು ಸಾಲು ಎಲ್ಲಿ?’ ಎಂದು ಕೇಳತೊಡಗಿದರು.

2014ರ ಜೂನ್ 16ರ ಹೇಳಿಕೆ ನನ್ನ ಪಾಲಿಗೆ ಎಲ್ಲಕ್ಕಿಂತ ಕಷ್ಟದ್ದಾಗಿತ್ತು. ಶುಮಾಕರ್ ಈಗ ಕೋಮಾದಲ್ಲಿಲ್ಲ, ಗ್ರೆನೋಬಲ್ ಬಿಟ್ಟಿದ್ದಾರೆ, ಪುನಶ್ಚೇತನ ದೀರ್ಘ ಕಾಲ ನಡೆಯಲಿದೆ ಎಂದಿತ್ತು. ಮುಂದಿನ ಆರೈಕೆ ಸ್ವಿಟ್ಜರ್ಲೆಂಡ್‌ನ ಲೊಸಾನ್ ಆಸ್ಪತ್ರೆಯಲ್ಲಿ. ಟೀವಿಗಳಲ್ಲಿ ಸಂಭ್ರಮ ಶುರುವಾಯಿತು. ಎದ್ದರು, ಗೆದ್ದರು, ಪವಾಡ. ಕೋಮಾದಿಂದ ಹೊರಗೆ ಬಂದರು ಎಂದರೆ ಎದ್ದು ಕೂತರು ಎಂದಲ್ಲ. ಕಣ್ಣು ತೆರೆಯುವುದು, ಎಚ್ಚರ ನಿದ್ದೆಗಳ ಚಕ್ರ ಮರಳುವುದು ಒಂದು ಹಂತ. ಹೇಳಿದ ಮಾತಿಗೆ ಸ್ಪಂದಿಸುವುದು ಅದರಾಚೆಯ ಹಂತ. ಮಾತಾಡುವುದು, ನಡೆಯುವುದು ಇನ್ನೂ ಎಲ್ಲೋ ಮುಂದೆ. ಒಂದೊಂದು ಹಂತದಲ್ಲೂ ಕೆಲವರು ನಿಂತುಬಿಡುತ್ತಾರೆ. ಇದನ್ನು ಸುದ್ದಿಯ ಪಕ್ಕದಲ್ಲೇ ಬರೆದೆ. ಶೀರ್ಷಿಕೆಯಲ್ಲಿ ‘ಕೋಮಾದಿಂದ ಹೊರಗೆ, ಚಿಕಿತ್ಸೆ ಇನ್ನೂ ದೀರ್ಘ’ ಎಂದಿಟ್ಟೆ.

ಮಾರನೆಯ ದಿನ ದಾವಣಗೆರೆ ಕಡೆಯಿಂದ ಒಬ್ಬ ತಾಯಿ ಆಫೀಸಿಗೆ ಫೋನ್ ಮಾಡಿದರು. ಮಗ ಬೈಕಿನಿಂದ ಬಿದ್ದು ತಿಂಗಳುಗಳಿಂದ ಹಾಸಿಗೆಯಲ್ಲಿದ್ದ. ಕಣ್ಣು ಬಿಡುತ್ತಿದ್ದ, ಗುರುತು ಹಿಡಿಯುತ್ತಿರಲಿಲ್ಲ. ‘ಶುಮಾಕರ್ ಎದ್ದ್ರಂತಲ್ಲ ಸರ್, ಟೀವಿಯಲ್ಲಿ ಹೇಳಿದ್ರು. ಅವರಿಗೆ ಕೊಟ್ಟ ಔಷಧಿ ಹೆಸರು ನಿಮ್ಮ ಪೇಪರ್‌ನಲ್ಲಿ ಹಾಕಿಲ್ಲ. ಸ್ವಲ್ಪ ಹೇಳ್ತೀರಾ? ಎಷ್ಟಾದ್ರೂ ಸಾಲ ಮಾಡಿ ತರಿಸ್ತೀವಿ’ ಎಂದರು. ‘ಅಮ್ಮಾ, ಎದ್ದರು ಅಂತ ಅಲ್ಲಿನ ಆಸ್ಪತ್ರೆಯವರು ಹೇಳಿಲ್ಲ. ಹಾಗೆ ಎಬ್ಬಿಸುವ ಔಷಧಿಯೂ ಇಲ್ಲ’ ಎಂದೆ. ಸಾಲ ಮಾಡಬೇಡಿ, ಮಗನನ್ನು ನೋಡುತ್ತಿರುವ ಡಾಕ್ಟರನ್ನೇ ಕೇಳಿ, ನಿಮ್ಹಾನ್ಸ್‌ನ ಪುನಶ್ಚೇತನ ವಿಭಾಗದಲ್ಲೂ ತೋರಿಸಿ ಎಂದು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ‘ಪೇಪರ್‌ನಲ್ಲೂ ಹಂಗೇ ಬರೆದಿತ್ತು, ಆದ್ರೂ ಕೇಳೋಣ ಅಂತ ಮಾಡಿದೆ’ ಎಂದರು.

ಈ ಸುದ್ದಿಯನ್ನು ಯಾರು ಓದುತ್ತಾರೆ ಎಂದು ಯೋಚಿಸಿದಾಗಲೆಲ್ಲ ರೇಸ್ ಅಭಿಮಾನಿಗಿಂತ ಮೊದಲು ನನಗೆ ಅವರು ನೆನಪಾಗುತ್ತಾರೆ. ಕೋಮಾ ಎಂದರೆ ಏನೆಂದು ತಮ್ಮ ಮನೆಯಲ್ಲೇ ಕಂಡವರು ನಮ್ಮ ಪ್ರತಿ ಪದವನ್ನೂ ಕೈಯಲ್ಲಿ ಹಿಡಿದು ನೋಡುತ್ತಾರೆ. ‘ಪವಾಡ’ ಎಂದು ಬರೆಯುವುದು ನಮಗೆ ಒಂದು ಪದ, ಅವರಿಗೆ ಒಂದು ಸಾಲ.

ಅದೇ ವರ್ಷ ನವೆಂಬರ್ 25ರಂದು ಸಿಡ್ನಿಯಲ್ಲಿ ಆಸ್ಟ್ರೇಲಿಯಾದ ಕ್ರಿಕೆಟಿಗ ಫಿಲಿಪ್ ಹ್ಯೂಸ್ ಕತ್ತಿಗೆ ಚೆಂಡು ಬಡಿಯಿತು. ಶೆಫೀಲ್ಡ್ ಶೀಲ್ಡ್ ಪಂದ್ಯ, 63 ರನ್ ಗಳಿಸಿ ಆಡುತ್ತಿದ್ದರು. 27ರಂದು ತೀರಿಕೊಂಡರು. ವಯಸ್ಸು 25. ಮೆದುಳಿಗೆ ಹೋಗುವ ರಕ್ತನಾಳ ಸೀಳಿ ತಲೆಯೊಳಗೆ ರಕ್ತಸ್ರಾವ ಆಗಿತ್ತು. ಆವತ್ತು ಪುಟದಲ್ಲಿ ಎರಡು ತೀರ್ಮಾನ ಮಾಡಿದೆ. ಅವರು ಕುಸಿದು ಬೀಳುವ ಫೋಟೊ ಹಾಕಲಿಲ್ಲ, ಬ್ಯಾಟ್ ಎತ್ತಿದ ಫೋಟೊ ಹಾಕಿದೆ. ಬೌಲರ್ ಶಾನ್ ಅಬಾಟ್ ಹೆಸರು ಶೀರ್ಷಿಕೆಯಲ್ಲಿ ಇರಲಿಲ್ಲ. ಆ ಹುಡುಗ ಮಾಡಿದ್ದು ಎಲ್ಲ ವೇಗದ ಬೌಲರ್‌ಗಳೂ ದಿನಾ ಮಾಡುವ ಕೆಲಸ. ಒಂದು ಶೀರ್ಷಿಕೆ ಅವನ ಹೆಸರಿಗೆ ಜೀವನಪೂರ್ತಿ ಅಂಟಿಕೊಳ್ಳಬಾರದು. ಶುಮಾಕರ್ ಸುದ್ದಿ ವರ್ಷಪೂರ್ತಿ ಕೈಯಲ್ಲಿ ಇರದಿದ್ದರೆ ಈ ತೀರ್ಮಾನ ಅಷ್ಟು ಬೇಗ ಬರುತ್ತಿರಲಿಲ್ಲ.

2014ರ ಸೆಪ್ಟೆಂಬರ್‌ನಲ್ಲಿ ಶುಮಾಕರ್ ಸ್ವಿಟ್ಜರ್ಲೆಂಡ್‌ನ ತಮ್ಮ ಮನೆಗೆ ಹೋದರು. ಅಲ್ಲಿಂದಾಚೆ ಅವರ ಆರೋಗ್ಯದ ಬಗ್ಗೆ ಮನೆಯವರು ಹೆಚ್ಚೇನೂ ಹೇಳಿಲ್ಲ. ಆ ಮೌನ ತುಂಬಲು ಹೊರಟವರು ಬಹಳ. 2015ರ ಕೊನೆಗೆ ಜರ್ಮನಿಯ ‘ಬುಂಟೆ’ ಪತ್ರಿಕೆ ಅವರು ಮತ್ತೆ ನಡೆಯುತ್ತಿದ್ದಾರೆ ಎಂದು ಬರೆಯಿತು. ಸಬೀನ್ ಕೆಮ್ ಅದು ಸುಳ್ಳು ಎಂದರು. ಪತ್ರಿಕೆ ಪರಿಹಾರ ಕೊಡಬೇಕೆಂದು ಕೋರ್ಟ್ ಹೇಳಿತು. 2023ರ ಏಪ್ರಿಲ್‌ನಲ್ಲಿ ‘ಡಿ ಆಕ್ಟುಯೆಲ್ಲೆ’ ಮುಖಪುಟದಲ್ಲಿ ನಗುವ ಶುಮಾಕರ್, ‘ಮೊದಲ ಸಂದರ್ಶನ’. ಉತ್ತರಗಳನ್ನೆಲ್ಲ ಹೇಳಿದ್ದು ಕೃತಕ ಬುದ್ಧಿಮತ್ತೆಯ ಪ್ರೋಗ್ರಾಂ. ಪ್ರಕಾಶಕರು ಕ್ಷಮೆ ಕೇಳಿದರು, ಸಂಪಾದಕಿಯನ್ನು ಕೆಲಸದಿಂದ ತೆಗೆದರು. ಮಾತಾಡಲಾಗದೆ ಇರಬಹುದಾದ ಒಬ್ಬ ಮನುಷ್ಯನ ಬಾಯಲ್ಲಿ ತಮ್ಮ ಮಾತು ತುರುಕಿದರು. ಪಾದ್ರಿಯ ವೇಷಕ್ಕಿಂತ ಇದು ನನಗೆ ಜಾಸ್ತಿ ಕ್ರೂರ ಅನಿಸಿತು. ಆ ದಿನ ನಮ್ಮಲ್ಲಿ ಬಂದ ಸುದ್ದಿಯಲ್ಲಿ ಆ ‘ಉತ್ತರ’ಗಳ ಒಂದು ಸಾಲೂ ಇರಲಿಲ್ಲ. ಸುಳ್ಳನ್ನು ಖಂಡಿಸುವ ನೆಪದಲ್ಲಿ ಅದನ್ನೇ ಹಂಚುವುದು ಬಹಳ ಸುಲಭ.

ಈಗಲೂ ಡಿಸೆಂಬರ್ 29 ಬಂದರೆ ‘ಶುಮಾಕರ್ ಹೇಗಿದ್ದಾರೆ’ ಎನ್ನುವ ಕಾಪಿಗಳು ಸಾಲಾಗಿ ಬರುತ್ತವೆ. ನಾನು ಅವನ್ನು ಪುಟಕ್ಕೆ ಹಾಕುವುದಿಲ್ಲ. ಐದು ದಿನ ಬಿಟ್ಟು, ಜನವರಿ 3ಕ್ಕೆ, ಅವರ ಹುಟ್ಟುಹಬ್ಬಕ್ಕೆ ಬರೆಯುತ್ತೇನೆ. 1991ರಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಜೋರ್ಡನ್ ತಂಡದ ಕಾರಿನಲ್ಲಿ ಮೊದಲ ರೇಸ್. ಮರುವರ್ಷ ಅಲ್ಲೇ ಮೊದಲ ಗೆಲುವು. 1996ರಲ್ಲಿ ಬಾರ್ಸಿಲೋನಾದ ಜಡಿಮಳೆಯಲ್ಲಿ ಫೆರಾರಿಗೆ ತಂದುಕೊಟ್ಟ ಜಯ. 2000ದಿಂದ 2004ರವರೆಗೆ ಸತತ ಐದು ಪ್ರಶಸ್ತಿ. 2020ರ ಅಕ್ಟೋಬರ್‌ನಲ್ಲಿ ಲೂಯಿಸ್ ಹ್ಯಾಮಿಲ್ಟನ್ 91 ಗೆಲುವಿನ ದಾಖಲೆ ಸರಿಗಟ್ಟಿದಾಗ ಮಗ ಮಿಕ್ ತಂದೆಯ ಹೆಲ್ಮೆಟ್ ತಂದು ಅವರ ಕೈಗಿತ್ತದ್ದು. ಬರೆಯಲು ಎಷ್ಟೊಂದಿದೆ ಅಲ್ವಾ? ಆರೋಗ್ಯದ ಬಗ್ಗೆ ಕೊನೆಯಲ್ಲಿ ಒಂದೇ ವಾಕ್ಯ ಇರುತ್ತದೆ: ಮನೆಯಲ್ಲಿ ಆರೈಕೆ ನಡೆಯುತ್ತಿದೆ, ಕುಟುಂಬ ಹೆಚ್ಚಿನ ವಿವರ ನೀಡಿಲ್ಲ.