ಮೈ ಸರಿ ಇಲ್ವಾ? ವಾಕಿಂಗ್ ವಿಚಾರ ಹಾಸಿಗೆಯಲ್ಲೇ ತೀರ್ಮಾನವಾಗಲಿ

ಮುಂಬೈನ ಮಾಟುಂಗಾದ ಫೈವ್ ಗಾರ್ಡನ್ಸ್‌ನಲ್ಲಿ ಬೆಳಗ್ಗೆ ಆರಕ್ಕೆ ಸೇರುವ ನಮ್ಮ ಕನ್ನಡದ ಗುಂಪಿಗೆ ಪ್ರತಿ ಮಳೆಗಾಲದಲ್ಲೂ ಒಬ್ಬರಾದರೂ ಜ್ವರದ ಮಾತ್ರೆ ನುಂಗಿ ಬರುತ್ತಾರೆ. ‘ಬೆವರು ಹರಿದರೆ ಜ್ವರ ಬಿಡುತ್ತೆ ಕಣ್ರೀ’ ಎನ್ನುತ್ತಾರೆ. ಹೋದ ವರ್ಷ ಹಾಗೆ ಬಂದವರೊಬ್ಬರು ಎರಡನೇ ಸುತ್ತಿಗೇ ಬೆಂಚಿನ ಮೇಲೆ ಕೂತುಬಿಟ್ಟರು. ಕೈ ಮುಟ್ಟಿದರೆ ಕಾದ ಕಾವಲಿ. ಒಮ್ಮೆ ಶೂ ಹಾಕಿದವರು ವಾಪಸ್ ಹೋಗುವುದಿಲ್ಲ. ಅದಕ್ಕೇ ಏಳುವ ಮೊದಲೇ ತೀರ್ಮಾನಿಸಿ.

ಹೆಜ್ಜೆ 1: ಮಲಗಿದ್ದಲ್ಲೇ ನಾಡಿ ನೋಡಿ. ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಕೆಳಗೆ ಎರಡು ಬೆರಳಿಡಿ. ಹೆಬ್ಬೆರಳಿಂದ ಮುಟ್ಟಬೇಡಿ, ಅದರ ಬಡಿತವೇ ಲೆಕ್ಕ ಕೆಡಿಸುತ್ತದೆ. ಪೂರ್ತಿ ಒಂದು ನಿಮಿಷ ಎಣಿಸಿ. ಮಾಮೂಲಿಗಿಂತ ಹತ್ತು ಜಾಸ್ತಿ ಬಂದರೆ ಅಂದು ರಜೆ. ಮಾಮೂಲು ಎಷ್ಟು ಅಂತ ಗೊತ್ತಿರಬೇಕಲ್ಲ? ಆರೋಗ್ಯವಾಗಿರುವಾಗ ಒಂದು ವಾರ ಎಣಿಸಿ, ಕಾಲನಿರ್ಣಯ ಕ್ಯಾಲೆಂಡರಿನ ಚೌಕದಲ್ಲಿ ಹಾಲಿನ ಲೆಕ್ಕದ ಪಕ್ಕ ಬರೆದಿಡಿ. ಸಡಿಲವಾಗಿ ಕಟ್ಟಿದ ಫಿಟ್‌ನೆಸ್ ಬ್ಯಾಂಡ್ ಹೇಳುವ ಸಂಖ್ಯೆಯನ್ನು ನಾನು ನಂಬುವುದಿಲ್ಲ.

ಹೆಜ್ಜೆ 2: ಜ್ವರ. ಎಲ್ಲರೂ ಎಡವುವುದು ಇಲ್ಲೇ. ಥರ್ಮಾಮೀಟರ್ ನಾಲಿಗೆ ಕೆಳಗೆ ಇರಬೇಕು, ಬಾಯಿ ಮುಚ್ಚಿರಬೇಕು. ಕಾಫಿ ಕುಡಿದಿದ್ದರೆ ಅರ್ಧ ಗಂಟೆ ಬಿಡಿ. ಹಣೆಗೆ ಹಿಡಿಯುವ ಗನ್ ಇದೆಯಲ್ಲ, ಫ್ಯಾನ್ ಕೆಳಗೆ ಮಲಗಿ ಬೆವರಿದ ಹಣೆಗೆ ಅದು ಏನೇನೋ ತೋರಿಸುತ್ತದೆ. ಅದಕ್ಕೆ ದುಡ್ಡು ದಂಡ. ಇನ್ನು ಮಾತ್ರೆ. ರಾತ್ರಿ ಎರಡಕ್ಕೆ ಪ್ಯಾರಾಸಿಟಮಾಲ್ ನುಂಗಿ ಐದೂವರೆಗೆ ನೋಡಿದರೆ 98 ತೋರಿಸಬಹುದು. ಜ್ವರ ಹೋಗಿಲ್ಲ, ಮಾತ್ರೆ ಮುಚ್ಚಿಟ್ಟಿದೆ. ಅದರ ಜೋರು ನಾಲ್ಕರಿಂದ ಆರು ಗಂಟೆ. ಅದು ಇಳಿದ ಮೇಲೆ ನೋಡಿದ್ದೇ ಲೆಕ್ಕ. ವೈದ್ಯರಿಗೆ 100.4 ಡಿಗ್ರಿ ಅಂದರೆ ಜ್ವರ. ನನಗೆ 99.5 ಸಾಕು, ಹೊದಿಕೆ ಎಳೆದುಕೊಳ್ಳುತ್ತೇನೆ. ವೈರಲ್ ಜ್ವರ ಕೆಲವೊಮ್ಮೆ ಹೃದಯದ ಸ್ನಾಯುವಿಗೂ ಉರಿಯೂತ ತರುತ್ತದೆ. ಆಗ ಓಡಿದರೆ ಬಡಿತ ತಾಳ ತಪ್ಪಬಹುದು. ಡೆಂಗಿಯದಂತೂ ಇನ್ನೊಂದೇ ಕಥೆ. ಮೂರರಿಂದ ಏಳನೇ ದಿನದೊಳಗೆ ಜ್ವರ ಇಳಿಯುತ್ತದಲ್ಲ, ಅಪಾಯದ ಹೊತ್ತು ಆಗಲೇ. ‘ಇಳೀತು’ ಅಂತ ಮೈದಾನಕ್ಕೆ ಓಡಬೇಡಿ.

ಹೆಜ್ಜೆ 3: ಕತ್ತಿನ ಗೆರೆ. ತೊಂದರೆ ಕತ್ತಿನಿಂದ ಮೇಲೋ ಕೆಳಗೋ ನೋಡಿ. ಮೂಗು ಸೋರುವುದು, ಸೀನು, ಸಣ್ಣ ಗಂಟಲು ಕೆರೆತ ಮೇಲಿನವು, ನಿಧಾನ ನಡೆಯಬಹುದು. ಎದೆಯ ಕಫ, ಮೈಕೈ ನೋವು, ಭೇದಿ ಕೆಳಗಿನವು, ಹೋಗಬೇಡಿ.

ಹೆಜ್ಜೆ 4: ಕಿಟಕಿ ತೆಗೆದು ನೋಡಿ. ಚಳಿಗಾಲದಲ್ಲಿ ದಾದರ್ ಕಡೆಯ ಕಟ್ಟಡಗಳು ಮಸುಕಾಗಿದ್ದರೆ ‘ಸಮೀರ್’ ಆ್ಯಪ್‌ನಲ್ಲಿ ಎಕ್ಯೂಐ, ಅಂದರೆ ಗಾಳಿಯ ಗುಣಮಟ್ಟದ ಸೂಚ್ಯಂಕ, ನೋಡಿ. 200 ದಾಟಿದ್ದರೆ ‘ಕಳಪೆ’ ಅಂತ. ಮೂಗು ಕಟ್ಟಿದವರು ಬಾಯಲ್ಲಿ ಉಸಿರಾಡುತ್ತಾರೆ. ಮೂಗಿನ ಜರಡಿ ಇಲ್ಲದೆ ದೂಳು ನೇರ ಒಳಗೆ. ನನ್ನನ್ನು ಕೇಳಿದರೆ 150ಕ್ಕೇ ಸಾಕು, ಹಾಲ್‌ನಲ್ಲೇ ನಡೆಯಿರಿ. ಮಳೆಗಾಲದಲ್ಲಿ ನೀರು ನಿಂತಿದ್ದರೆ, ಕಾಲಲ್ಲಿ ಗಾಯವಿದ್ದರೆ, ಇಲಿಜ್ವರದ ಭಯಕ್ಕಾದರೂ ಇಳಿಯಬೇಡಿ.

ಹೆಜ್ಜೆ 5: ಹೋಗಲೇಬೇಕೆಂದರೆ ಹತ್ತು ನಿಮಿಷ ನಡೆಯಿರಿ. ತಲೆ ಭಾರವಾದರೆ ಅಲ್ಲಿಂದಲೇ ವಾಪಸ್. ಗುಂಪಿನಿಂದ ದೂರವಿರಿ, ನಿಮ್ಮ ನೆಗಡಿ ನಮಗೆ ಬೇಡ.

ಮಾತ್ರೆಯಿಲ್ಲದೆ ಪೂರ್ತಿ ಒಂದು ದಿನ ಜ್ವರ ಬರದಿದ್ದರೆ ಮಾರನೇ ದಿನ ಅರ್ಧ ದೂರ. ಆಮೇಲೆ ಇಡ್ಲಿಗೆಂದು ಉಡುಪಿ ಹೋಟೆಲ್‌ವರೆಗೆ ನಡೆದದ್ದನ್ನೂ ಆ ಅರ್ಧದಲ್ಲೇ ಸೇರಿಸಿ.