ಹಳೆ ಸ್ಪೋರ್ಟ್ಸ್ ಕೂಪೆ: ಕಲಬುರಗಿ ಮನೆ ಮುಂದೆ ಬಂದು ನಿಂತಾಗ ಬೆಲೆ ಎಷ್ಟು?

ಸೇಡಂ ರಸ್ತೆಯಲ್ಲಿ ಕೂಪೆ, ಅಂದರೆ ಎರಡು ಬಾಗಿಲಿನ ಕೆಂಪು ಕಾರೊಂದು ನಿಂತರೆ ಸಾಕು, ಸುತ್ತ ಹತ್ತು ಮಂದಿ ಸೇರುತ್ತಾರೆ. ಹೊಸದಿದ್ದಾಗ ಅರ್ಧ ಕೋಟಿ ಬಾಳಿದ ಗಾಡಿ ಈಗ ಹತ್ತು ಹದಿನೈದು ಲಕ್ಷಕ್ಕೆ ಸಿಗುತ್ತದೆ ಅಂದರೆ ಆಸೆ ಯಾರಿಗಿಲ್ಲ? ಆದರೆ ಇಳಿದಿರುವುದು ಕಾರಿನ ಬೆಲೆ ಮಾತ್ರ. ಅದರ ಬಿಡಿಭಾಗದ ಬೆಲೆ ಇಳಿದಿಲ್ಲ. ಅರ್ಧ ಕೋಟಿಯ ಕಾರಿನ ಶಾಕ್ ಅಬ್ಸಾರ್ಬರ್‌ಗೆ ಇವತ್ತೂ ಅರ್ಧ ಕೋಟಿಯ ಕಾರಿನದೇ ದರ. ಹೀಗಾಗಿ ‘ಎಷ್ಟಕ್ಕೆ ಕೊಡ್ತೀರಿ?’ ಎಂದು ಕೇಳುವ ಮೊದಲು, ಈ ಕಾರು ನನ್ನ ಹೆಸರಿಗೆ ಆಗಿ, ರಿಪೇರಿ ಮುಗಿದು, ಕಲಬುರಗಿಯ ನನ್ನ ಮನೆ ಮುಂದೆ ನಿಲ್ಲುವಷ್ಟರಲ್ಲಿ ಒಟ್ಟು ಎಷ್ಟಾಗುತ್ತದೆ ಎಂಬ ಲೆಕ್ಕ ಕೈಯಲ್ಲಿರಬೇಕು. ಉದಾಹರಣೆಗೆ ಎರಡನೇ ತಲೆಮಾರಿನ ಆಡಿ ಟಿಟಿಯನ್ನೇ ತೆಗೆದುಕೊಳ್ಳೋಣ. 2006ರಲ್ಲಿ ಜಗತ್ತಿನ ಮಾರುಕಟ್ಟೆಗೆ ಬಂದ ಮಾದರಿ ಇದು.

ಮೊದಲು ಪೇಟೆಯ ದರ

ನಮ್ಮ ಊರಿನಲ್ಲಿ ಇಂಥ ಕಾರು ಒಂದೋ ಎರಡೋ. ಇಲ್ಲಿ ಪೇಟೆ ದರ ಎಂಬುದೇ ಇಲ್ಲ. ಹೈದರಾಬಾದ್, ಪುಣೆ, ಬೆಂಗಳೂರಿನ ಜಾಹೀರಾತುಗಳನ್ನು ಒಂದು ತಿಂಗಳು ನೋಡಿ, ಒಂದೇ ವರ್ಷದ, ಒಂದೇ ಎಂಜಿನ್‌ನ ಎಂಟು ಹತ್ತು ಕಾರುಗಳ ದರವನ್ನು ವಹಿಯಲ್ಲಿ ಬರೆದಿಡಿ. ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಡಿ. ಯಾವುದು ಎಷ್ಟು ವಾರದಿಂದ ಮಾರಾಟವಾಗದೆ ಕೂತಿದೆ, ಎಷ್ಟು ಸಲ ದರ ಇಳಿಸಿದ್ದಾರೆ ಎಂಬುದನ್ನೂ ಗುರುತು ಹಾಕಿ. ಕೇಳುವ ದರ ಬೇರೆ, ಕೊನೆಗೆ ಕುದುರುವ ದರ ಬೇರೆ.

ಇನ್ಶೂರೆನ್ಸ್ ಕಾಗದದಲ್ಲಿರುವ ಐಡಿವಿ (ವಿಮೆಗಾಗಿ ಗಾಡಿಗೆ ಹಿಡಿದ ಬೆಲೆ) ತೋರಿಸಿ ‘ಕಂಪನಿಯೇ ಇಷ್ಟು ಬೆಲೆ ಕಟ್ಟಿದೆ’ ಎಂದರೆ ಒಪ್ಪಬೇಡಿ. ಐದು ವರ್ಷ ದಾಟಿದ ಗಾಡಿಯ ಐಡಿವಿಯನ್ನು ಕಂಪನಿ ಮತ್ತು ಮಾಲೀಕ ಮಾತಾಡಿ ನಿಗದಿ ಮಾಡುತ್ತಾರೆ. ಅದೇ ಕಾಗದದಲ್ಲಿ ನೋಡಬೇಕಾದ್ದು ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ಮಾಲೀಕನಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ. ಅದು ಶೇ 50 ಇದ್ದರೆ ಮಾಲೀಕ ಐದು ವರ್ಷ ಕ್ಲೇಮ್ ಮಾಡಿಲ್ಲ ಎಂದರ್ಥ. ಸೊನ್ನೆ ಇದ್ದರೆ ಕಾರಣ ಕೇಳಿ.

‘ಇಡೀ ಜಿಲ್ಲೆಯಲ್ಲಿ ಇದೊಂದೇ ಗಾಡಿ’ ಎಂಬ ಮಾತಿಗೆ ನಾನು ಒಂದು ರೂಪಾಯಿಯನ್ನೂ ಹೆಚ್ಚು ಕೊಡುವುದಿಲ್ಲ. ನಾಳೆ ನೀವು ಮಾರಲು ಹೊರಟಾಗ ಗಿರಾಕಿಯೂ ಒಬ್ಬನೇ ಇರುತ್ತಾನೆ.

ಕಾಗದಪತ್ರ

ನಂಬರ್ ಪ್ಲೇಟ್ ಕೆಎ-32 (ಕಲಬುರಗಿ), ಕೆಎ-33 (ಯಾದಗಿರಿ), ಕೆಎ-38 (ಬೀದರ್) ಅಥವಾ ಕರ್ನಾಟಕದ ಬೇರೆ ಯಾವುದೇ ಆದರೆ ಹಾದಿ ಸುಲಭ. ತೆಲಂಗಾಣ, ಮಹಾರಾಷ್ಟ್ರದ ಗಾಡಿಯಾದರೆ ಅಲ್ಲಿಂದ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ ತಂದು ಇಲ್ಲಿ ಮತ್ತೆ ನೋಂದಣಿ ಮಾಡಿಸಿ, ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಬೇಕು. ಈ ತೆರಿಗೆ ಲೆಕ್ಕ ಹಾಕುವುದು ನೀವು ಕೊಟ್ಟ ದರದ ಮೇಲಲ್ಲ. ಹೊಸದಿದ್ದಾಗಿನ ಬೆಲೆ ಹಿಡಿದು, ಗಾಡಿಯ ವಯಸ್ಸಿಗೆ ತಕ್ಕಂತೆ ಇಳಿಸುತ್ತಾರೆ. ಹೈದರಾಬಾದಿನಲ್ಲಿ ಅಗ್ಗವೆನಿಸಿದ ಕಾರು ಹುಮನಾಬಾದ್ ದಾಟುವಷ್ಟರಲ್ಲಿ ತುಟ್ಟಿಯಾಗುವುದು ಇದೇ ಕಾರಣಕ್ಕೆ. ಮಾತುಕತೆಗೆ ಕೂರುವ ಮೊದಲೇ ಆರ್‌ಸಿ ನಕಲು ಹಿಡಿದು ಆರ್‌ಟಿಒ ಕಚೇರಿಯಲ್ಲಿ ಮೊತ್ತ ಕೇಳಿ ಬನ್ನಿ.

ಆರ್‌ಸಿ ಅವಧಿ 15 ವರ್ಷ. 2012ರ ಗಾಡಿಗೆ 2027ರಲ್ಲಿ ನವೀಕರಣ ಬರುತ್ತದೆ. ಆಮದು ಕಾರಿಗೆ ಈ ನವೀಕರಣದ ಶುಲ್ಕವನ್ನು 2022ರ ಏಪ್ರಿಲ್‌ನಿಂದ 40,000 ರೂಪಾಯಿ ಮಾಡಲಾಗಿದೆ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ, ತೆಗೆಸಿಕೊಡುವ ಹೊಣೆ ಮಾರುವವರದ್ದು.

ನಸುಕಿನಲ್ಲಿ ಹೋಗಿ

ಕಾರು ನೋಡಲು ಬೆಳಿಗ್ಗೆ ಆರಕ್ಕೇ ಹೋಗಿ, ಎಂಜಿನ್ ತಣ್ಣಗಿರಬೇಕು. ಒಮ್ಮೆ ಗೆಳೆಯನಿಗಾಗಿ ಇಂಥದೇ ಕಾರು ನೋಡಲು ಹೋದಾಗ, ನಮ್ಮ ಜೊತೆ ಬಂದಿದ್ದ ಮಿಸ್ತ್ರಿ ಮಾತಿಲ್ಲದೆ ಮೊದಲು ಬಾನೆಟ್ ಮೇಲೆ ಅಂಗೈ ಇಟ್ಟರು. ‘ಸರ, ಬಾನೆಟ್ ಬೆಚ್ಚಗದ. ನಾವು ಬರೂದಕ್ಕಿಂತ ಮೊದಲ ಚಾಲೂ ಮಾಡ್ಯಾರ’ ಎಂದರು. ನಾವು ಚಹಾ ಕುಡಿದು, ಮಾರುವವರು ಹೇಳಿದ್ದನ್ನೆಲ್ಲ ಕೇಳಿ ಬಂದು, ಮರುದಿನ ಮುಂಚಿತವಾಗಿ ತಿಳಿಸದೆ ಮತ್ತೆ ಹೋದೆವು. ತಣ್ಣಗಿದ್ದ ಎಂಜಿನ್ ಚಾಲೂ ಆಗುತ್ತಲೇ ಹೊಗೆಕೊಳವೆಯಿಂದ ನೀಲಿ ಹೊಗೆ ಬಂತು, ಆಯಿಲ್ ಸುಟ್ಟ ವಾಸನೆಯೂ ಬಂತು. ಹಿಂದಿನ ದಿನ ಅದರ ಸುಳಿವೇ ಇರಲಿಲ್ಲ.

ಜೊತೆಯಲ್ಲಿ ಒಂದು ಅಯಸ್ಕಾಂತ ಇರಲಿ, ಆದರೆ ತಿಳಿದು ಬಳಸಿ. ಬಣ್ಣದಡಿ ಪುಟ್ಟಿ ಮೆತ್ತಿದ್ದರೆ ಅಯಸ್ಕಾಂತ ಹಿಡಿಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಆಡಿ ಟಿಟಿಯಲ್ಲಿ ಬಾನೆಟ್ ಅಲ್ಯೂಮಿನಿಯಂ, ಬಾಗಿಲು ಮತ್ತು ಡಿಕ್ಕಿ ಮುಚ್ಚಳ ಉಕ್ಕು. ಬಾನೆಟ್‌ಗೆ ಹಿಡಿಯದಿದ್ದರೆ ಗಾಬರಿ ಬೇಡ, ಬಾಗಿಲಿಗೆ ಹಿಡಿಯದಿದ್ದರೆ ವಿಚಾರಿಸಿ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ನಮ್ಮ ಬಿಸಿಲಲ್ಲಿ ನಿಂತ ಟೈರು ಗೆರೆ ಸವೆಯದಿದ್ದರೂ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಆರು ವರ್ಷ ದಾಟಿದ್ದರೆ ನಾಲ್ಕೂ ಹೊಸದು ಎಂದು ಲೆಕ್ಕ ಹಿಡಿಯಿರಿ. ಬಿಸಿಲಿನ ಏಟು ಸಸ್ಪೆನ್ಷನ್ ಬುಷ್, ಕೂಲಂಟ್ ಪೈಪ್, ಬಾಗಿಲಿನ ರಬ್ಬರಿಗೂ ಬೀಳುತ್ತದೆ, ಎಲ್ಲವನ್ನೂ ಬೆರಳಿನಿಂದ ಒತ್ತಿ ನೋಡಿ. ಕೂಪೆ ನೆಲಕ್ಕೆ ಹತ್ತಿರ; ಎರೆಮಣ್ಣಿನ ರಸ್ತೆಗಳ ಏರಿಳಿತ, ಎತ್ತರದ ಹಂಪ್‌ಗಳಿಗೆ ಹೊಟ್ಟೆ ತಾಗುತ್ತದೆ. ಗಾಡಿಯನ್ನು ಲಿಫ್ಟ್ ಮೇಲೆ ಏರಿಸಿ ಆಯಿಲ್ ಸಂಪ್ (ಎಂಜಿನ್ ಅಡಿಯ ಆಯಿಲ್ ತೊಟ್ಟಿ) ನೋಡದೆ ದರದ ಮಾತೇ ಬೇಡ.

ಕಿಲೋಮೀಟರ್ ಮೀಟರನ್ನು ನಂಬಬೇಡಿ, ಸರ್ವಿಸ್ ಬಿಲ್ಲು ನಂಬಿ. ಟಿಟಿಯ ಮೊದಲ ವರ್ಷಗಳ 2 ಲೀಟರ್ ಟರ್ಬೊ ಎಂಜಿನ್‌ಗೆ ಟೈಮಿಂಗ್ ಬೆಲ್ಟ್ (ಎಂಜಿನ್ ಒಳಗಿನ ಭಾಗಗಳ ಚಲನೆಯನ್ನು ಹೊಂದಿಸುವ ಪಟ್ಟಿ) ಇದೆ. ಅದು ಹರಿದರೆ ಎಂಜಿನ್ನೇ ಹಾಳು. ಆರು ಗೇರಿನ ಎಸ್-ಟ್ರಾನಿಕ್ ಆಟೊಮ್ಯಾಟಿಕ್‌ಗೆ 60,000 ಕಿ.ಮೀ.ಗೊಮ್ಮೆ ಗೇರ್ ಆಯಿಲ್, ಫಿಲ್ಟರ್ ಬದಲಿಸಬೇಕು. ಬಿಲ್ಲಿಲ್ಲದ ಕೆಲಸವನ್ನು ಆಗಿಲ್ಲದ ಕೆಲಸವೆಂದೇ ಹಿಡಿಯಿರಿ. ಹಳೆ ಬಿಲ್ಲುಗಳನ್ನು ತಾರೀಖಿನ ಪ್ರಕಾರ ಜೋಡಿಸಿಟ್ಟ ಮಾಲೀಕ ಸಿಕ್ಕರೆ, ಅಂಥ ಗಾಡಿಗೆ ಐವತ್ತು ಸಾವಿರ ಹೆಚ್ಚು ಕೊಡಲು ನಾನು ಹಿಂಜರಿಯುವುದಿಲ್ಲ.

ಈಗ ಲೆಕ್ಕ

ಇಲ್ಲಿನ ಅಂಕಿಗಳು ಲೆಕ್ಕದ ರೀತಿ ತೋರಿಸಲು ಮಾತ್ರ. ನಿಮ್ಮವು ಗ್ಯಾರೇಜಿನ ಅಂದಾಜು ಪಟ್ಟಿಯಿಂದ ಬರಬೇಕು. ಹೈದರಾಬಾದಿನಲ್ಲಿ ಸುಸ್ಥಿತಿಯ ಕಾರು 14 ಲಕ್ಷಕ್ಕೆ ಕುದುರುತ್ತಿದೆ ಎನ್ನಿ. ನೀವು ನೋಡಿದ ಕಾರಿಗೆ ಟೈರು 80,000, ಟೈಮಿಂಗ್ ಬೆಲ್ಟ್ ಕೆಲಸ 50,000, ಸೋರುತ್ತಿರುವ ಎರಡು ಶಾಕ್ ಅಬ್ಸಾರ್ಬರ್ 1.20 ಲಕ್ಷ, ಗೇರ್ ಆಯಿಲ್ 25,000. ರಿಪೇರಿಯೇ 2.75 ಲಕ್ಷ. ಆರ್‌ಟಿಒ ಹೇಳಿದ ತೆರಿಗೆ 2.25 ಲಕ್ಷ. ಒಟ್ಟು 5 ಲಕ್ಷ ಕಳೆದರೆ ನಿಮ್ಮ ದರ 9 ಲಕ್ಷ.

ಮಾರುವವರು ಬೇಸರ ಮಾಡಿಕೊಳ್ಳಬಹುದು. ಅವರ ಮಾತಿನಲ್ಲೂ ನ್ಯಾಯವಿದೆ. ಹೈದರಾಬಾದಿನ ಗಿರಾಕಿಗೆ ಆ ತೆರಿಗೆ ಇಲ್ಲ, ಅವರು ಹನ್ನೊಂದೂಕಾಲು ಲಕ್ಷ ಕೊಟ್ಟಾರು. ಹಾಗಿದ್ದರೆ ಆ ಕಾರು ಹೈದರಾಬಾದಿನಲ್ಲೇ ಇರಲಿ. ಕೆಎ ನಂಬರಿನ ಮತ್ತೊಂದನ್ನು ಹುಡುಕಿ. ಇಂಥ ಕಾರಿನ ದೊಡ್ಡ ರಿಪೇರಿಗೆ ನೀವು ಹೇಗೂ ಇನ್ನೂರು ಕಿಲೋಮೀಟರ್ ದಾಟಿ ಹೈದರಾಬಾದಿಗೇ ಹೋಗಬೇಕು. ಟ್ರಕ್ಕಿನ ಮೇಲೆ ಹಾಕಿ ಕಳಿಸುವ ದಿನಕ್ಕೆಂದು ಒಂದು ಲಕ್ಷ ಬೇರೆ ಇಟ್ಟುಕೊಳ್ಳಿ.

ದರ ಒಪ್ಪಿತವಾದರೆ ಬಯಾನಾ ಕೊಡುವಾಗ ಚೀಟಿ ಬರೆಸಿ: ಚಾಸಿ ನಂಬರ್, ಒಪ್ಪಿದ ದರ, ಎನ್‌ಒಸಿ ಕೊಡುವ ಗಡುವು, ಎನ್‌ಒಸಿ ಬಾರದಿದ್ದರೆ ಬಯಾನಾ ಪೂರ್ತಿ ವಾಪಸ್. ಉಳಿದ ಹಣ ಬ್ಯಾಂಕ್ ಖಾತೆಗೇ ಹೋಗಲಿ. ಫಾರ್ಮ್ 29, 30ಕ್ಕೆ (ಮಾಲೀಕತ್ವ ವರ್ಗಾವಣೆಯ ಕಾಗದಗಳು) ಸಹಿ ಬೀಳುವಾಗ ಎರಡನೇ ಕೀಲಿಯನ್ನೂ ಕೇಳಿ ಪಡೆಯಿರಿ.