ಲಾರಿ ಕ್ಯಾಬಿನ್ ಸೋರುತ್ತಿದೆಯೇ? ಸಿಲಿಕಾನ್ ಹಚ್ಚುವ ಮುಂಚೆ ಪೈಪ್ ಹಿಡಿಯಿರಿ

ರೋಹಿಣಿ ಮಳೆ ಎರಡು ಸಲ ಜೋರಾಗಿ ಬಂದರೆ ಸಾಕು, ನಮ್ಮ ಸಕಲೇಶಪುರದ ಕಡೆ ಗ್ಯಾರೇಜುಗಳ ಮುಂದೆ ಹಳೇ ಲಾರಿಗಳು ಸಾಲು ನಿಲ್ಲುತ್ತವೆ. ಎಲ್ಲರದ್ದೂ ಒಂದೇ ಮಾತು: ‘ಗ್ಲಾಸಿಂದ ನೀರು ಸೋರ್ತಿದೆ, ಸ್ವಲ್ಪ ಸಿಲಿಕಾನ್ ಹಚ್ಚಿ ಕೊಡಿ.’ ಹಚ್ಚಿ ಕೊಡುತ್ತಾರೆ. ಶಿರಾಡಿ ಘಾಟಿ ಇಳಿಯುವಷ್ಟರಲ್ಲಿ ಡ್ರೈವರ್ ಮೊಣಕಾಲ ಮೇಲೆ ಮತ್ತೆ ಹನಿ.

ನಮ್ಮ ಮನೆಯ ಲಾರಿಗೂ ಹೀಗೇ ಆಗಿತ್ತು. ಗಾಜಿನ ಸುತ್ತ ಮೂರು ಟ್ಯೂಬ್ ಸಿಲಿಕಾನ್ ಬಳಿದಿದ್ದರು. ತೂತು ಇದ್ದದ್ದು ಛಾವಣಿ ಮೇಲೆ, ಹೆಸರಿನ ಬೋರ್ಡ್ ಕೂರಿಸಿದ ಬೋಲ್ಟಿನ ಬುಡದಲ್ಲಿ. ನೀರು ಅಲ್ಲಿ ಇಳಿದು, ರೆಕ್ಸಿನ್ ಲೈನಿಂಗ್ ಹಿಂದೆ ಹರಿದು, ಗಾಜಿನ ಪಕ್ಕದ ಕಂಬದೊಳಗಿಂದ ಬಂದು ಡ್ಯಾಶ್‌ಬೋರ್ಡ್ ಮೂಲೆಯಲ್ಲಿ ತೊಟ್ಟಿಕ್ಕುತ್ತಿತ್ತು. ನೀರು ಬೀಳುವ ಜಾಗ ಬೇರೆ, ಒಳಗೆ ಬರುವ ಜಾಗ ಬೇರೆ. ಇದನ್ನು ಮರೆತವರು ಪ್ರತಿ ಮಳೆಗಾಲವೂ ಟ್ಯೂಬ್ ಕೊಳ್ಳುತ್ತಲೇ ಇರುತ್ತಾರೆ.

ಮೊದಲು ಕ್ಯಾಬಿನ್ ಖಾಲಿ ಮಾಡಿ. ಮ್ಯಾಟ್, ಸೀಟು, ಡ್ಯಾಶ್‌ಬೋರ್ಡಿನ ಕೆಳಗಿನ ತಗಡು, ಮುಂದಿನ ಭಾಗದ ಲೈನಿಂಗ್ ಎಲ್ಲವನ್ನೂ ಬಿಚ್ಚಿ, ಒಂದು ದಿನ ಬಿಸಿಲಿಗೆ ಬಿಡಿ.

ಒದ್ದೆ ಕಂಡ ಕೂಡಲೇ ಮಳೆ ನೀರು ಅಂದುಕೊಳ್ಳಬೇಡಿ. ಪೆಡಲ್ ಹತ್ತಿರದ ಒದ್ದೆಯನ್ನು ಬೆರಳಲ್ಲಿ ಉಜ್ಜಿ ನೋಡಿ. ಜಾರುವಂತಿದ್ದು, ಅಲ್ಲಿ ಪೇಂಟ್ ಉಬ್ಬಿ ಎದ್ದಿದ್ದರೆ ಅದು ಬ್ರೇಕ್ ಅಥವಾ ಕ್ಲಚ್ ಆಯಿಲ್ ಇರಬಹುದು. ಆಗ ಈ ಲೇಖನ ಪಕ್ಕಕ್ಕಿಡಿ, ಗಾಡಿ ರಸ್ತೆಗೆ ಇಳಿಸಬೇಡಿ, ಮೆಕ್ಯಾನಿಕ್ಕನ್ನು ಕರೆಸಿ.

ಇನ್ನು ಪೈಪ್ ಹಿಡಿಯುವ ಕೆಲಸ. ಜಾಸ್ತಿ ಜನ ಕೆಡಿಸುವುದು ಇಲ್ಲೇ.

ವಾಟರ್ ಸರ್ವಿಸಿನ ಪ್ರೆಷರ್ ಗನ್ ಬೇಡವೇ ಬೇಡ. ಅದು ಚೆನ್ನಾಗಿರುವ ರಬ್ಬರ್ ಸಂದಿಯಲ್ಲೂ ನೀರು ನುಗ್ಗಿಸುತ್ತದೆ, ನಿಮ್ಮನ್ನು ದಾರಿ ತಪ್ಪಿಸುತ್ತದೆ. ತೋಟದ ಪೈಪ್ ಸಾಕು. ತುದಿಗೆ ಏನೂ ಹಾಕದೆ, ನೀರು ಸುಮ್ನೆ ಹರಿಯುವಷ್ಟು ನಲ್ಲಿ ತಿರುಗಿಸಿ. ಇಬ್ಬರು ಬೇಕು. ಒಬ್ಬರು ಹೊರಗೆ ಪೈಪ್ ಹಿಡಿಯಲಿ, ಇನ್ನೊಬ್ಬರು ಬಾಗಿಲು ಮುಚ್ಚಿಕೊಂಡು ಒಳಗೆ ಟಾರ್ಚ್ ಹಿಡಿದು ಕೂರಲಿ.

ನೀರು ಬಿಡುವ ಮುಂಚೆ ಒಳಗೆ ಗಾಜಿನ ರಬ್ಬರಿನ ಕೆಳಗೆ, ಕಂಬಗಳ ಮೇಲೆ, ಪೆಡಲ್ ಹಿಂದಿನ ತಗಡಿನ ಮೇಲೆ ಶಾಲೆಯ ಸೀಮೆಸುಣ್ಣದಲ್ಲಿ ದಪ್ಪ ಅಡ್ಡಗೆರೆ ಎಳೆಯಿರಿ. ಕಣ್ಣಿಗೆ ಕಾಣದಷ್ಟು ಸಣ್ಣ ಧಾರೆ ಇಳಿದರೂ ಬಿಳಿ ಗೆರೆ ಅಲ್ಲಿ ಕರಗಿ ತುಂಡಾಗುತ್ತದೆ. ನಮ್ಮ ಲಾರಿಯ ಎಡಗಂಬದಲ್ಲಿ ಗೆರೆ ತುಂಡಾಗಿದ್ದು ಬರೀ ಬೆಂಕಿಕಡ್ಡಿಯಷ್ಟು ಅಗಲಕ್ಕೆ.

ಕೆಳಗಿಂದ ಮೇಲಕ್ಕೆ ಹೋಗಿ. ಮೊದಲೇ ಛಾವಣಿಗೆ ಸುರಿದರೆ ನೀರು ಎಲ್ಲ ಕಡೆ ಹರಿಯುತ್ತದೆ, ಎಲ್ಲಿಂದ ಬಂತು ಅಂತ ಹೇಳಲಿಕ್ಕೇ ಆಗುವುದಿಲ್ಲ. ವೈಪರ್ ಕಡ್ಡಿ ತಿರುಗುವ ಬುಡದಿಂದ ಶುರು ಮಾಡಿ. ಆಮೇಲೆ ಗಾಜಿನ ಕೆಳ ಅಂಚು, ಎರಡು ಪಕ್ಕ, ಮೇಲಂಚು. ಛಾವಣಿ ಕೊನೆಗೆ. ಒಂದೊಂದು ಕಡೆಯೂ ಐದು ನಿಮಿಷ ಕಾಯಿರಿ. ಈ ಐದು ನಿಮಿಷಕ್ಕೆ ತಾಳ್ಮೆ ಇಲ್ಲದೆ ‘ಇಲ್ಲೇನಿಲ್ಲ’ ಅಂತ ಮುಂದೆ ಹೋದವರನ್ನು ಬೇಕಾದಷ್ಟು ನೋಡಿದ್ದೇನೆ. ಲೈನಿಂಗ್ ಹಿಂದೆ ಸುತ್ತಿ ಬರುವ ನೀರಿಗೆ ಸಮಯ ಬೇಕು, ಅಲ್ವಾ? ಹನಿ ಕಂಡರೆ ನೀರು ನಿಲ್ಲಿಸಿ, ಗುರುತು ಹಾಕಿ, ಒರೆಸಿ, ಅದೇ ಜಾಗಕ್ಕೆ ಮತ್ತೆ ಬಿಡಿ. ಎರಡನೇ ಸಲವೂ ಬಂದರೆ ಮಾತ್ರ ನಂಬಿ.

ಸಮತಟ್ಟು ಜಾಗದಲ್ಲಿ ಏನೂ ಸಿಗದಿದ್ದರೆ, ಮೂತಿ ಕೆಳಗಾಗುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ನಾಲ್ಕೂ ಕಡೆ ಕಲ್ಲು ಕೊಟ್ಟು ಮತ್ತೆ ನೋಡಿ. ಘಾಟಿ ಇಳಿಯುವಾಗ ಮಾತ್ರ ಸೋರುವ ಗಾಡಿಗಳಿವೆ. ಛಾವಣಿಯ ತಗ್ಗಿನಲ್ಲಿ ನಿಂತ ನೀರು ಆಗಷ್ಟೇ ಮುಂದಕ್ಕೆ ಬರುತ್ತದೆ. ರಾತ್ರಿ ಹೊತ್ತು ಕ್ಯಾಬಿನ್ ಒಳಗೆ ಬಲ್ಬ್ ಉರಿಸಿ ಹೊರಗಿನಿಂದ, ಅಡಿಯಿಂದ ನೋಡುವುದೂ ಒಳ್ಳೆಯದು. ತುಕ್ಕು ತಿಂದ ತೂತು, ಬಿರಿದ ಗ್ರಾಮೆಟ್ (ವೈರು ಹಾಯುವ ತೂತಿಗೆ ಹಾಕುವ ರಬ್ಬರ್ ಬಳೆ) ನಕ್ಷತ್ರದ ಹಾಗೆ ಹೊಳೆಯುತ್ತವೆ.

ಜಾಗ ಸಿಕ್ಕಿದ ಮೇಲೆ ಅರ್ಧ ಕೆಲಸ ಮುಗಿಯಿತು. ಬಾಗಿಲಿನದ್ದು ಸುಲಭ: ಗಾಜಿನ ಸಂದಿಯಿಂದ ಬಾಗಿಲೊಳಗೆ ನೀರು ಇಳಿಯುವುದು ಸಹಜ, ಅದು ಹೊರಹೋಗಲು ಅಡಿಯಲ್ಲಿರುವ ತೂತುಗಳನ್ನು ತಂತಿ ಹಾಕಿ ಬಿಡಿಸಿ. ಗ್ರಾಮೆಟ್ ಬಿರಿದಿದ್ದರೆ ಹೊಸದು ಹಾಕಿ. ವೈರು ಒಳಗೆ ಬರುವ ಮುಂಚೆ ಹೊರಗಡೆ ಸ್ವಲ್ಪ ಕೆಳಗೆ ಜೋತು ಬೀಳುವಂತೆ ಕಟ್ಟಿ. ಆಗ ಹನಿ ಆ ತಗ್ಗಿನಲ್ಲೇ ಉದುರುತ್ತದೆ. ಇಲ್ಲದಿದ್ದರೆ ವೈರನ್ನೇ ಹಿಡಿದುಕೊಂಡು ಫ್ಯೂಸ್ ಬಾಕ್ಸ್ ತನಕ ಹೋಗುತ್ತದೆ. ಮಂಜು ಮುಸುಕಿದ ಘಾಟಿಯಲ್ಲಿ ಹೆಡ್‌ಲೈಟ್ ಆರಿದರೆ ಏನಾಗುತ್ತದೆ ಅಂತ ಡ್ರೈವರುಗಳಿಗೆ ಹೇಳಬೇಕಿಲ್ಲ.

ಛಾವಣಿಯ ಬೋಲ್ಟ್ ಬಿಚ್ಚಿ, ಸುತ್ತ ಕೆರೆದು, ರಬ್ಬರ್ ವಾಷರ್ ಮತ್ತು ಕಪ್ಪು ಪಾಲಿಯುರಿಥೇನ್ ಸೀಲಂಟ್ ಹಾಕಿ ಬಿಗಿಯಿರಿ. ಆಯುಧಪೂಜೆಗೆ ಅಂತ ಲೈಟು, ಹಾರ್ನಿಗೆ ಕೊರೆದು ಬಿಟ್ಟ ಖಾಲಿ ತೂತುಗಳನ್ನು ಟಿಂಕರ್ ಹತ್ತಿರ ವೆಲ್ಡ್ ಮಾಡಿಸಿ. ಪುಟ್ಟಿ ಮೆತ್ತಿದರೆ ಗಾಡಿಯ ಕುಲುಕಾಟಕ್ಕೆ ಬಿರುಕು ಬಿಡುತ್ತದೆ.

ಮುಂದಿನ ಗಾಜೇ ಸೋರುತ್ತಿದ್ದರೆ ಹೊಸ ರಬ್ಬರ್ ಹಾಕಿ ಅನ್ನುವುದು ನನ್ನ ಖಡಕ್ ಸಲಹೆ. ಗಟ್ಟಿಯಾದ ಹಳೇ ರಬ್ಬರ್ ಮೇಲೆ ಏನು ಬಳಿದರೂ ವ್ಯರ್ಥ. ಅದರಲ್ಲೂ ವಿನೆಗರ್ ವಾಸನೆಯ ಅಗ್ಗದ ಸಿಲಿಕಾನ್ ಗಾಡಿ ಹತ್ತಿರ ತರಬೇಡಿ. ಅದು ಒಣಗುವಾಗ ಬಿಡುವ ಆಮ್ಲ ಪೇಂಟ್ ಇಲ್ಲದ ತಗಡಿಗೆ ತುಕ್ಕು ಹಿಡಿಸುತ್ತದೆ. ಅದು ಅಂಟಿದ ಜಾಗದಲ್ಲಿ ಆಮೇಲೆ ಪೇಂಟೂ ಕೂರುವುದಿಲ್ಲ.

ಗಾಜು ತೆಗೆದಾಗ ತಗಡಿನ ಅಂಚು ನೋಡಿ. ತುಕ್ಕಿದ್ದರೆ ಎಮರಿ ಪೇಪರಿನಲ್ಲಿ ಲೋಹ ಹೊಳೆಯುವ ತನಕ ಉಜ್ಜಿ, ರೆಡ್ ಆಕ್ಸೈಡ್, ಪೇಂಟ್ ಹೊಡೆದು ಒಂದು ರಾತ್ರಿ ಒಣಗಲು ಬಿಡಿ. ಮೀಟರ್ ಲೆಕ್ಕದ ರಬ್ಬರ್ ತಂದಿದ್ದರೆ ಅಳತೆಗಿಂತ ಒಂದು ಸೆಂಟಿಮೀಟರ್ ಉದ್ದ ಕತ್ತರಿಸಿ. ಎಳೆದು ಕೂರಿಸಿದ ರಬ್ಬರ್ ತಿಂಗಳಲ್ಲಿ ಕುಗ್ಗಿ ಮೂಲೆಯಲ್ಲಿ ಬಾಯಿ ಬಿಡುತ್ತದೆ. ಮೊದಲು ರಬ್ಬರನ್ನು ಗಾಜಿಗೆ ಹಾಕಿ. ತಗಡು ಕೂರುವ ಸಂದಿಯಲ್ಲಿ ಸುತ್ತಲೂ ನೈಲಾನ್ ಹಗ್ಗ ಸೇರಿಸಿ, ಎರಡೂ ತುದಿ ಕೆಳಗೆ ನಡುವಿನಲ್ಲಿ ಒಳಕ್ಕೆ ಬರಲಿ. ಸೋಪಿನ ನೀರು ಸವರಿ. ಗ್ರೀಸ್, ಸೀಮೆಎಣ್ಣೆ ಮುಟ್ಟಿಸಬೇಡಿ, ರಬ್ಬರ್ ಉಬ್ಬುತ್ತದೆ. ಹೊರಗಿನವರು ಗಾಜನ್ನು ಅದರ ಜಾಗಕ್ಕೆ ಆನಿಸಿ ಅಂಗೈಯಲ್ಲಿ ಒತ್ತುತ್ತಿರಲಿ, ಒಳಗಿನವರು ಹಗ್ಗ ನಿಧಾನ ಎಳೆಯಲಿ. ರಬ್ಬರಿನ ತುಟಿ ತಗಡಿನ ಮೇಲೆ ಟಪ್ ಟಪ್ ಅಂತ ಹಾರಿ ಕೂರುವುದು ಕೇಳಿಸುತ್ತದೆ. ಮೂಲೆಗಳಲ್ಲಿ ಅವಸರ ಮಾಡಿದರೆ ಗಾಜು ಬಿರಿಯುತ್ತದೆ.

ಸೀಲಂಟ್ ಒಂದು ದಿನ ಗಟ್ಟಿಯಾಗಲಿ. ಮತ್ತೆ ಪೈಪ್, ಮತ್ತೆ ಸೀಮೆಸುಣ್ಣ. ಲೈನಿಂಗ್ ಹಾಕುವ ಆತುರ ಬೇಡ. ಮೊದಲ ದೊಡ್ಡ ಮಳೆಯ ಟ್ರಿಪ್ಪಿಗೆ ಮ್ಯಾಟ್ ಬದಲು ಹಳೇ ಪೇಪರ್ ಹಾಸಿಕೊಂಡು ಹೋಗಿ. ಘಾಟಿ ಇಳಿದು ಗುಂಡ್ಯದಲ್ಲಿ ಟೀಗೆ ನಿಲ್ಲಿಸಿದಾಗ ಪೇಪರ್ ಎತ್ತಿ, ಅಡಿಯ ತಗಡನ್ನು ಕೈಯಿಂದ ಮುಟ್ಟಿ ನೋಡಿ.